ಕಂಪನಿಯಲ್ಲಿ ‘ಬೇಡ’ ಅನ್ನುವವರು ಇದ್ದಾರಾ? ವಾರ್ಷಿಕ ವರದಿ ಓದುವ ನನ್ನ ಕ್ರಮ

ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನನ್ನ ಇಮೇಲ್ ತುಂಬಿ ಹೋಗುತ್ತದೆ. ಷೇರು ಇಟ್ಟುಕೊಂಡಿರುವ ಕಂಪನಿಗಳೆಲ್ಲ ವಾರ್ಷಿಕ ವರದಿ ಕಳಿಸುವ ಕಾಲ ಅದು. ಒಂದೊಂದೂ 250, 300 ಪುಟ. ಹೆಚ್ಚಿನವರು ತೆರೆದೂ ನೋಡುವುದಿಲ್ಲ. ನಾನೂ ಬಹಳ ವರ್ಷ ನೋಡುತ್ತಿರಲಿಲ್ಲ.

ನಾನು ಶಿವಮೊಗ್ಗದವಳು. 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. 2012ರಲ್ಲಿ ನಮ್ಮ ಯಜಮಾನರ ಪಿಎಫ್ ಹಣದಲ್ಲಿ 1 ಲಕ್ಷ 80 ಸಾವಿರ ರೂಪಾಯಿ ತೆಗೆದು ಒಂದು ಮಧ್ಯಮ ಗಾತ್ರದ ಕಂಪನಿಯ ಷೇರು ಕೊಂಡೆವು. ಮೂರು ವರ್ಷದಲ್ಲಿ ಅದು 22 ಸಾವಿರಕ್ಕೆ ಇಳಿಯಿತು. ಆಮೇಲೆ ಒಂದು ಭಾನುವಾರ ಷೋಕೇಸಿನಿಂದ ಆ ಕಂಪನಿಯ ಹಳೆಯ ವರದಿ ತೆಗೆದು ಓದಿದೆ. ಎಲ್ಲವೂ ಅದರಲ್ಲೇ ಅಚ್ಚಾಗಿತ್ತು. ಮಾಲೀಕರ ಮನೆಯವರ ಇನ್ನೊಂದು ಸಂಸ್ಥೆಗೆ ಕೊಟ್ಟ ಸಾಲ. ಅವಧಿ ಮುಗಿಯುವ ಮೊದಲೇ ಬಿಟ್ಟುಹೋದ ಆಡಿಟರ್. ಆರು ಸಭೆಗಳಲ್ಲಿ ಎರಡಕ್ಕೆ ಮಾತ್ರ ಬಂದ ಸ್ವತಂತ್ರ ನಿರ್ದೇಶಕರು, ಅಂದರೆ ಒಡೆಯರ ನಂಟಿಲ್ಲದ ಹೊರಗಿನ ನಿರ್ದೇಶಕರು. ಬ್ಯಾಂಕಿನಲ್ಲಿ ಯಾರಾದರೂ ಸಾಲ ಕೇಳಿ ಬಂದಾಗ ಇಂಥ ವಿಷಯವನ್ನೇ ನಾನು ಮೊದಲು ಹುಡುಕುತ್ತಿದ್ದೆ. ನಮ್ಮದೇ ಹಣ ಹಾಕುವಾಗ ಹುಡುಕಿರಲಿಲ್ಲ.

ಅಂದಿನಿಂದ ಪ್ರತಿ ವರ್ಷ ಓದುತ್ತಿದ್ದೇನೆ. ಒಂದು ಕಂಪನಿಗೆ ಒಂದು ಸಂಜೆ ಸಾಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದೇ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಈ ಕಂಪನಿಯ ಒಡೆಯರಿಗೆ ‘ಬೇಡ’ ಅಂತ ಹೇಳುವ ಶಕ್ತಿ ಒಳಗೆ ಯಾರಿಗಾದರೂ ಇದೆಯಾ?

ಈ ಪ್ರಶ್ನೆ ನಾನು ಕಟ್ಟಿಕೊಂಡದ್ದಲ್ಲ. ಕಾರ್ಪೊರೇಟ್ ಆಡಳಿತಕ್ಕೆ, ಅಂದರೆ ಕಂಪನಿಯನ್ನು ನಡೆಸುವ ಮತ್ತು ನಡೆಸುವವರ ಮೇಲೆ ಕಣ್ಣಿಡುವ ಕ್ರಮಕ್ಕೆ, ಜಗತ್ತಿನಲ್ಲಿ ಇರುವ ಮುಖ್ಯ ಮಾನದಂಡಗಳೆಲ್ಲ ಸುತ್ತಿ ಬಳಸಿ ಇದನ್ನೇ ಕೇಳುತ್ತವೆ. 1992ರಲ್ಲಿ ಬ್ರಿಟನ್ನಿನ ಕ್ಯಾಡ್ಬರಿ ಸಮಿತಿ ತನ್ನ ವರದಿ ಕೊಟ್ಟಿತು. ಸಮಿತಿ ಕೆಲಸ ಮಾಡುತ್ತಿದ್ದಾಗಲೇ ಅಲ್ಲಿ ಪತ್ರಿಕೆಗಳ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ ತೀರಿಕೊಂಡು, ನೌಕರರ ಪಿಂಚಣಿ ನಿಧಿಯಿಂದ ದೊಡ್ಡ ಮೊತ್ತ ಕಾಣೆಯಾಗಿರುವುದು ಬಯಲಾಗಿತ್ತು. ಎಲ್ಲ ಅಧಿಕಾರ ಒಬ್ಬರ ಕೈಯಲ್ಲೇ ಇರಬಾರದು ಅಂತ ಆ ವರದಿ ಹೇಳಿತು. ನಿಯಮ ಪಾಲಿಸಿ, ಪಾಲಿಸದಿದ್ದರೆ ಯಾಕೆ ಅಂತ ಷೇರುದಾರರಿಗೆ ಹೇಳಿ ಅನ್ನುವ ಪದ್ಧತಿ ಅಲ್ಲಿಂದ ಬಂತು. 1999ರಲ್ಲಿ ಒಇಸಿಡಿ ಅನ್ನುವ ದೇಶಗಳ ಒಕ್ಕೂಟ ಎಲ್ಲ ದೇಶಗಳಿಗೂ ಹೊಂದುವಂಥ ತತ್ವಗಳನ್ನು ಬರೆಯಿತು. 2004ರಲ್ಲಿ, 2015ರಲ್ಲಿ, ಆಮೇಲೆ 2023ರಲ್ಲಿ ಅವನ್ನು ತಿದ್ದಿದರು. ಕೊನೆಯ ತಿದ್ದುಪಡಿಗೆ ಜಿ20 ನಾಯಕರು ಒಪ್ಪಿಗೆ ಕೊಟ್ಟದ್ದು ನಮ್ಮ ದೆಹಲಿಯಲ್ಲೇ.

ಆ ತತ್ವಗಳು ಕಾನೂನಲ್ಲ. ಯಾರನ್ನೂ ಅವು ಕೋರ್ಟಿಗೆ ಎಳೆಯುವುದಿಲ್ಲ. ಅವನ್ನು ಕಾನೂನು ಮಾಡುವುದು ಆಯಾ ದೇಶದ ಕೆಲಸ. ನಮ್ಮಲ್ಲಿ ಅದನ್ನು 2013ರ ಕಂಪನಿ ಕಾಯ್ದೆ ಮತ್ತು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ಲಿಸ್ಟಿಂಗ್ ನಿಯಮಗಳು ಮಾಡುತ್ತವೆ. ಸೆಬಿ ನಿಯಮಗಳ ನಾಲ್ಕನೆಯ ವಿಧಿ ತೆರೆದು ನೋಡಿ. ಷೇರುದಾರರ ಹಕ್ಕು, ಸಮಾನ ನಡವಳಿಕೆ, ಮಾಹಿತಿ ಬಹಿರಂಗ, ನಿರ್ದೇಶಕ ಮಂಡಳಿಯ ಹೊಣೆ ಅಂತ ಒಇಸಿಡಿಯ ತಲೆಬರಹಗಳೇ ಅಲ್ಲಿ ಕಾಣುತ್ತವೆ. ಕರ್ನಾಟಕದವರಿಗೆ ಇದರಲ್ಲಿ ಇನ್ನೊಂದು ನಂಟಿದೆ. ಇವಕ್ಕೂ ಹಿಂದಿನ ಆಡಳಿತ ನಿಯಮಗಳನ್ನು ಬಿಗಿ ಮಾಡಲು ಸೆಬಿ ಕೂರಿಸಿ, 2003ರಲ್ಲಿ ವರದಿ ಕೊಟ್ಟ ಸಮಿತಿಗೆ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಅವರೇ ಅಧ್ಯಕ್ಷರು.

ಇನ್ನು ಓದಲು ಕೂರೋಣ.

ಮೊದಲ ಪುಟದಿಂದ ಶುರು ಮಾಡಬೇಡಿ. ಅಲ್ಲಿ ಅಧ್ಯಕ್ಷರ ಪತ್ರ, ಫೋಟೋ, ಗಿಡ ನೆಟ್ಟ ಚಿತ್ರ ಇರುತ್ತವೆ. ಅವು ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ನೇರ ಸ್ವತಂತ್ರ ಆಡಿಟರ್ ವರದಿಗೆ ಹೋಗಿ. ಹೊರಗಿನವರೊಬ್ಬರು ಸಹಿ ಹಾಕಿ ಹೇಳುವ ಮಾತು ಅದು. ಪಿಡಿಎಫ್ ಆದರೆ ಹುಡುಕುವ ಸೌಲಭ್ಯ ಬಳಸಿ, ಪುಟ ತಿರುವುತ್ತಾ ಕೂರಬೇಕಿಲ್ಲ.

ಆಡಿಟರ್ ತಮ್ಮ ಅಭಿಪ್ರಾಯವನ್ನು ನಾಲ್ಕು ಬಗೆಯಲ್ಲಿ ಕೊಡಬಹುದು. ಲೆಕ್ಕ ಸರಿಯಾಗಿದೆ ಅನ್ನುವುದು ಒಂದು. ಇಂಥ ಒಂದು ವಿಷಯ ಬಿಟ್ಟು ಉಳಿದದ್ದು ಸರಿ ಅನ್ನುವುದು ‘ಕ್ವಾಲಿಫೈಡ್’. ಲೆಕ್ಕವೇ ಸರಿಯಿಲ್ಲ ಅನ್ನುವುದು ‘ಅಡ್ವರ್ಸ್’. ಹೇಳಲು ಬೇಕಾದ ಆಧಾರವೇ ಸಿಗಲಿಲ್ಲ ಅನ್ನುವುದು ‘ಡಿಸ್‌ಕ್ಲೇಮರ್’. ಕ್ವಾಲಿಫೈಡ್ ಅನ್ನುವ ಪದ ಕೇಳಿ ಒಳ್ಳೆಯದು ಅಂದುಕೊಳ್ಳಬೇಡಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹಾಗೇ ಅಂದುಕೊಂಡು ಇನ್ನಷ್ಟು ಷೇರು ಕೊಂಡಿದ್ದರು. ಇಲ್ಲಿ ಅದು ಎಚ್ಚರಿಕೆಯ ಪದ.

ಅಭಿಪ್ರಾಯದ ಕೆಳಗೆ ‘ಎಂಫಸಿಸ್ ಆಫ್ ಮ್ಯಾಟರ್’ ಅಂತ ಒಂದು ಪ್ಯಾರಾ ಇದ್ದರೆ ಎರಡು ಸಲ ಓದಿ. ತಪ್ಪು ಅಂತ ಹೇಳದೆ, ಇದನ್ನು ಗಮನಿಸಿ ಅಂತ ಆಡಿಟರ್ ಬೆರಳು ಮಾಡಿ ತೋರಿಸುವ ಜಾಗ ಅದು. ಅಲ್ಲಿ ಲೆಕ್ಕಪತ್ರದ ಒಂದು ಟಿಪ್ಪಣಿಯ ಸಂಖ್ಯೆ ಕೊಟ್ಟಿರುತ್ತಾರೆ. ಆ ಟಿಪ್ಪಣಿಗೆ ಹೋಗಿ ಓದಿ ಬನ್ನಿ. ವರದಿಯ ಅನುಬಂಧದಲ್ಲಿ ಪಿಎಫ್, ಜಿಎಸ್‌ಟಿ ಹೊತ್ತಿಗೆ ಸರಿಯಾಗಿ ಕಟ್ಟಿದ್ದಾರಾ, ಬ್ಯಾಂಕಿನ ಕಂತು ತಪ್ಪಿದೆಯಾ ಅಂತಲೂ ಬರೆದಿರುತ್ತದೆ. ನನ್ನ ಅನುಭವ ಹೇಳುತ್ತೇನೆ: ಕೈ ಬಿಗಿಯಾದ ಕಂಪನಿ ಮೊದಲು ನಿಲ್ಲಿಸುವುದು ಕೆಲಸಗಾರರ ಪಿಎಫ್.

ಆಡಿಟರ್ ಯಾರು, ಯಾವಾಗ ಬಂದರು ಅಂತಲೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲಿಸ್ಟೆಡ್ ಕಂಪನಿಯಲ್ಲಿ, ಅಂದರೆ ಷೇರುಪೇಟೆಯಲ್ಲಿ ನೋಂದಾದ ಕಂಪನಿಯಲ್ಲಿ, ಒಂದು ಆಡಿಟ್ ಸಂಸ್ಥೆ ಐದೈದು ವರ್ಷದ ಎರಡು ಅವಧಿಗಿಂತ ಜಾಸ್ತಿ ಇರುವಂತಿಲ್ಲ. ಅವಧಿ ಮುಗಿದು ಹೋದರೆ ಅದು ಸಹಜ. ನಡುವೆ ಬಿಟ್ಟು ಹೋದರೆ ಕಾರಣ ಹುಡುಕಿ. ಎನ್‌ಎಸ್‌ಇ, ಬಿಎಸ್‌ಇ ಷೇರುಪೇಟೆಗಳ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ರಾಜೀನಾಮೆ ಪತ್ರವೇ ಸಿಗುತ್ತದೆ. ‘ಬೇರೆ ಕೆಲಸದ ಒತ್ತಡ’ ಅಂತ ಒಂದೇ ಸಾಲು ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ.

ಇಲ್ಲಿ ಬ್ಯಾಂಕಿನ ಒಂದು ವಿಷಯ ಹೇಳಬೇಕು. ಮಾರ್ಚ್ ಮುಗಿದ ಮೇಲೆ ಆಡಿಟರ್‌ಗಳು ಕಂಪನಿಯ ಖಾತೆಯಲ್ಲಿ ಎಷ್ಟು ಹಣ ಇತ್ತು ಅಂತ ಖಾತ್ರಿಪತ್ರ ಕೇಳುತ್ತಾರೆ. ಆ ಪತ್ರ ಬ್ಯಾಂಕಿನಿಂದ ಆಡಿಟರಿಗೆ ನೇರ ಹೋಗಬೇಕು. ನಾನು ಎಷ್ಟೋ ಪತ್ರಕ್ಕೆ ಸಹಿ ಹಾಕಿದ್ದೇನೆ. ಒಮ್ಮೆ ಒಬ್ಬ ಗ್ರಾಹಕರು, ‘ಮೇಡಂ, ನನ್ನ ಕೈಗೇ ಕೊಡಿ, ನಾನೇ ಆಡಿಟರಿಗೆ ಮುಟ್ಟಿಸ್ತೀನಿ’ ಅಂದರು. ಆಗಲ್ಲ ಅಂದೆ. ಅವರಿಗೆ ಬೇಜಾರಾಯಿತು. ಅವರದು ಚಿಕ್ಕ ಲೆಕ್ಕ, ಮೋಸ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಕಾಗದ ಯಾರ ಕೈ ದಾಟಿ ಹೋಗುತ್ತದೆ ಅನ್ನುವುದರ ಮೇಲೆ ಇಡೀ ನಂಬಿಕೆ ನಿಂತಿರುತ್ತದೆ.

2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರ ಬಂದಾಗ ನಾನು ಇನ್ನೂ ಕೆಲಸದಲ್ಲಿದ್ದೆ. ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಅವರೇ ಒಪ್ಪಿಕೊಂಡಿದ್ದರು. ಬ್ಯಾಂಕಿನಲ್ಲಿ ಆ ದಿನ ನಾವು ಬೇರೆ ಮಾತೇ ಆಡಲಿಲ್ಲ. ಕಾಗದದ ಮೇಲೆ ಸತ್ಯಂನಲ್ಲಿ ಎಲ್ಲವೂ ಇತ್ತು. ಹೆಸರಾಂತ ಸ್ವತಂತ್ರ ನಿರ್ದೇಶಕರು, ದೊಡ್ಡ ಆಡಿಟ್ ಸಂಸ್ಥೆ, ನ್ಯೂಯಾರ್ಕ್ ಷೇರುಪೇಟೆಯ ನೋಂದಣಿ. ಕೆಲವೇ ತಿಂಗಳ ಹಿಂದೆ ಒಳ್ಳೆಯ ಆಡಳಿತಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ಆಮೇಲೆ ಅದನ್ನು ವಾಪಸ್ ಪಡೆದರು.

ಆ ಪತ್ರಕ್ಕಿಂತ ಮೂರು ವಾರ ಹಿಂದಿನ ಘಟನೆ ನನಗೆ ಜಾಸ್ತಿ ಪಾಠ ಕಲಿಸಿತು. 2008ರ ಡಿಸೆಂಬರ್ 16ರಂದು ರಾಜು ಕುಟುಂಬದ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಸತ್ಯಂ ಮಂಡಳಿ ಒಪ್ಪಿತು. ಸತ್ಯಂ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಹಿಂದುಮುಂದು ಬರೆದರೆ ಮೇಟಾಸ್ ಆಗುತ್ತದೆ. ಸಾಫ್ಟ್‌ವೇರ್ ಕಂಪನಿಗೆ ಮನೆ ಕಟ್ಟುವ ಕಂಪನಿ ಯಾಕೆ? ಮಂಡಳಿಯಲ್ಲಿ ಯಾರೂ ಅದನ್ನು ತಡೆಯಲಿಲ್ಲ. ‘ಬೇಡ’ ಅಂದದ್ದು ಹೊರಗಿನ ಷೇರುದಾರರು. ಅಮೆರಿಕದಲ್ಲಿ ಷೇರು ಅರ್ಧಕ್ಕಿಂತ ಕೆಳಗೆ ಬಿತ್ತು. ಕೆಲವೇ ಗಂಟೆಗಳಲ್ಲಿ ಕಂಪನಿ ಆ ತೀರ್ಮಾನ ಕೈಬಿಟ್ಟಿತು. ಆದ್ದರಿಂದ ನಿರ್ದೇಶಕರ ಪಟ್ಟಿ ಓದುವಾಗ ಡಿಗ್ರಿ ನೋಡಿ ಮರುಳಾಗಬೇಡಿ.

ಹಾಗಾದರೆ ಏನು ನೋಡಬೇಕು? ಕಾರ್ಪೊರೇಟ್ ಆಡಳಿತ ವರದಿ ಅಂತ ಒಂದು ಅಧ್ಯಾಯ ಇರುತ್ತದೆ. ಮೊದಲು ಮಂಡಳಿಯ ಲೆಕ್ಕ ಹಾಕಿ. ಅಧ್ಯಕ್ಷರು ಪ್ರವರ್ತಕರೇ, ಅಂದರೆ ಕಂಪನಿ ಕಟ್ಟಿದ ಒಡೆಯರೇ, ಆಗಿದ್ದರೆ ಅಥವಾ ಸಂಬಳ ಪಡೆದು ಕಂಪನಿ ನಡೆಸುವವರೇ ಆಗಿದ್ದರೆ, ಕನಿಷ್ಠ ಅರ್ಧ ನಿರ್ದೇಶಕರು ಸ್ವತಂತ್ರರಿರಬೇಕು. ಇಲ್ಲದಿದ್ದರೆ ಮೂರರಲ್ಲಿ ಒಂದು ಪಾಲು ಸಾಕು. ಅಧ್ಯಕ್ಷ ಮತ್ತು ಕಂಪನಿ ನಡೆಸುವ ಮುಖ್ಯಸ್ಥ ಒಬ್ಬರೇ ಆಗಬಾರದು ಅಂತ ಬ್ರಿಟನ್ನಿನ ಸಂಹಿತೆ ಹೇಳುತ್ತದೆ. ನಮ್ಮಲ್ಲೂ ದೊಡ್ಡ ಕಂಪನಿಗಳಿಗೆ ಇದನ್ನು ಕಡ್ಡಾಯ ಮಾಡಲು ಸೆಬಿ ಹೊರಟಿತ್ತು. 2022ರಲ್ಲಿ ಕಂಪನಿಗಳ ಇಷ್ಟಕ್ಕೆ ಬಿಟ್ಟಿತು. ನನಗೆ ಅದು ಸರಿ ಕಾಣಲಿಲ್ಲ. ಎರಡೂ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರೆ ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಗುರುತು ಬೀಳುತ್ತದೆ.

ಆಮೇಲೆ ಹಾಜರಿ ಪಟ್ಟಿ. ವರ್ಷಕ್ಕೆ ಕನಿಷ್ಠ ನಾಲ್ಕು ಮಂಡಳಿ ಸಭೆ ನಡೆಯಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಯಾರು ಎಷ್ಟಕ್ಕೆ ಬಂದರು, ಷೇರುದಾರರ ವಾರ್ಷಿಕ ಮಹಾಸಭೆಗೆ ಬಂದರಾ ಅಂತ ಹೆಸರು ಸಮೇತ ಕೊಟ್ಟಿರುತ್ತಾರೆ. ಬಾರದವರು ‘ಬೇಡ’ ಅನ್ನುವುದು ಎಲ್ಲಿಂದ? ಅದೇ ಪಟ್ಟಿಯಲ್ಲಿ ಅವರು ಇನ್ನೆಷ್ಟು ಕಂಪನಿಗಳಲ್ಲಿ ಇದ್ದಾರೆ ಅಂತಲೂ ಇರುತ್ತದೆ. ಸ್ವತಂತ್ರ ನಿರ್ದೇಶಕರು ಏಳು ಲಿಸ್ಟೆಡ್ ಕಂಪನಿಗಿಂತ ಜಾಸ್ತಿ ಒಪ್ಪಿಕೊಳ್ಳುವಂತಿಲ್ಲ. ಏಳು ಅನ್ನುವುದು ಮಿತಿ. ಏಳು ಕಂಪನಿಯ ಸಭೆ, ಸಮಿತಿ, ಕಾಗದ ಎಲ್ಲವನ್ನೂ ಓದಿ ಹೋಗುವುದು ಸುಲಭವಲ್ಲ ಅಲ್ವಾ?

ಎಷ್ಟು ವರ್ಷದಿಂದ ಇದ್ದಾರೆ ಅಂತ ನೋಡಿ. ನಮ್ಮ ಕಾಯ್ದೆಯಲ್ಲಿ ಐದು ವರ್ಷದ ಎರಡು ಅವಧಿ, ಅಂದರೆ ಹತ್ತು ವರ್ಷ. ಬ್ರಿಟನ್ನಿನಲ್ಲಿ ಒಂಬತ್ತು ವರ್ಷ ದಾಟಿದರೆ ಆ ನಿರ್ದೇಶಕರ ಸ್ವಾತಂತ್ರ್ಯವನ್ನೇ ಪ್ರಶ್ನಿಸುತ್ತಾರೆ. ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗ ತಾನು ಕೆಲಸ ಮಾಡುವ ಕಂಪನಿಯ ವರದಿ ಕಳಿಸಿದ್ದ. ‘ದೊಡ್ಡಮ್ಮ, ಇಲ್ಲಿ ನಿಯಮ ಪಾಲಿಸದಿದ್ದರೆ ಅರ್ಧ ಪುಟ ಕಾರಣ ಬರೀತಾರೆ’ ಅಂದ. ಓದಿದೆ. ನಿಜ, ಆ ಕಾರಣವನ್ನು ಒಪ್ಪಬೇಕೋ ಬಿಡಬೇಕೋ ಅನ್ನುವುದು ಅಲ್ಲಿ ಷೇರುದಾರರಿಗೆ ಬಿಟ್ಟದ್ದು.

ವರ್ಷದ ನಡುವೆ ಸ್ವತಂತ್ರ ನಿರ್ದೇಶಕರು ರಾಜೀನಾಮೆ ಕೊಟ್ಟಿದ್ದರೆ ಕಾರಣವನ್ನು ವರದಿಯಲ್ಲೇ ವಿವರವಾಗಿ ಹೇಳಬೇಕು. ಬೇರೆ ಮುಖ್ಯ ಕಾರಣ ಇಲ್ಲ ಅಂತ ಅವರು ದೃಢೀಕರಿಸಬೇಕು. ಒಬ್ಬರು ಹೋದರೆ ಸರಿ. ಒಂದೇ ವರ್ಷ ಇಬ್ಬರು ಹೋಗಿ, ಜೊತೆಗೆ ಹಣಕಾಸು ಮುಖ್ಯಸ್ಥರೂ ಹೋಗಿದ್ದರೆ ನಾನು ಉಳಿದದ್ದನ್ನು ಓದದೆ ಷೇರು ಮಾರಿಬಿಡುತ್ತೇನೆ.

ಲೆಕ್ಕ ಮತ್ತು ಆಡಿಟರ್ ಕೆಲಸದ ಮೇಲೆ ಕಣ್ಣಿಡುವ ಆಡಿಟ್ ಸಮಿತಿಯನ್ನು ಬೇಗ ನೋಡಿ ಮುಗಿಸಬಹುದು. ಕನಿಷ್ಠ ಮೂವರು ನಿರ್ದೇಶಕರು, ಮೂರರಲ್ಲಿ ಎರಡು ಪಾಲು ಸ್ವತಂತ್ರರು, ಅಧ್ಯಕ್ಷರೂ ಸ್ವತಂತ್ರರೇ. ಹೆಚ್ಚಿನ ಕಂಪನಿಗಳು ಇಷ್ಟನ್ನು ಪಾಲಿಸುತ್ತವೆ.

ಈಗ ಬರುವುದು ಎಲ್ಲಕ್ಕಿಂತ ಮುಖ್ಯ ಜಾಗ. ಇಲ್ಲಿ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ. ‘ರಿಲೇಟೆಡ್ ಪಾರ್ಟಿ’ ವ್ಯವಹಾರ, ಅಂದರೆ ಕಂಪನಿ ತನ್ನ ಒಡೆಯರ ಜೊತೆ, ಅವರ ಬಂಧುಗಳ ಜೊತೆ, ಅವರ ಬೇರೆ ಸಂಸ್ಥೆಗಳ ಜೊತೆ ಮಾಡುವ ಕೊಡುಕೊಳ್ಳುವಿಕೆ. ಇದು ಇರುವುದೇ ತಪ್ಪಲ್ಲ. ಒಂದೇ ಗುಂಪಿನ ಕಾರ್ಖಾನೆಯಿಂದ ಬಿಡಿಭಾಗ ಕೊಳ್ಳುವುದು ಸಹಜ. ಯಾವ ದರಕ್ಕೆ, ಎಷ್ಟು, ಯಾಕೆ ಅನ್ನುವುದು ಪ್ರಶ್ನೆ.

ಲೆಕ್ಕಪತ್ರದ ಟಿಪ್ಪಣಿಗಳಲ್ಲಿ, ಸಾಮಾನ್ಯವಾಗಿ ಕೊನೆಯ ಭಾಗದಲ್ಲಿ, ಒಂದು ಕೋಷ್ಟಕ ಇರುತ್ತದೆ. ಇಂಥ ವ್ಯವಹಾರಗಳನ್ನು ಬರೆಯುವ, ಮಂಡಳಿಯ ವರದಿಗೆ ಅಂಟಿದ ಎಒಸಿ-2 ನಮೂನೆಯನ್ನೂ ನೋಡಿ. ಕೋಷ್ಟಕದಲ್ಲಿ ಎರಡು ವರ್ಷದ ಅಂಕಿ ಅಕ್ಕಪಕ್ಕ ಇರುತ್ತದೆ. ಹಿಂದಿನ ವರದಿ ತೆಗೆದು ಇನ್ನೂ ಎರಡು ವರ್ಷದ್ದು ಸೇರಿಸಿಕೊಳ್ಳಿ. ಉದಾಹರಣೆಗೆ, ವರ್ಷಕ್ಕೆ 40 ಕೋಟಿ ಲಾಭ ಮಾಡುವ ಕಂಪನಿ ಅಂತ ಇಟ್ಟುಕೊಳ್ಳಿ. ಒಡೆಯರ ಪತ್ನಿಯ ಹೆಸರಿನ ಕಟ್ಟಡಕ್ಕೆ 1 ಕೋಟಿ ಬಾಡಿಗೆ. ಮಗನ ಸಂಸ್ಥೆಗೆ ‘ಸಲಹಾ ಶುಲ್ಕ’ 3 ಕೋಟಿ. ಅಣ್ಣನ ಕಂಪನಿಗೆ ಕೊಟ್ಟ ಮುಂಗಡ ನಾಲ್ಕು ವರ್ಷದಲ್ಲಿ 5, 9, 16, 28 ಕೋಟಿ. ಬಾಡಿಗೆ ನನಗೆ ಚಿಂತೆ ತರುವುದಿಲ್ಲ. ಸಲಹೆ ಏನು ಅಂತ ಕೇಳುತ್ತೇನೆ. ಏರುತ್ತಲೇ ಹೋಗಿ, ವಾಪಸ್ ಬಾರದ ಮುಂಗಡ ನೋಡಿದರೆ ಎದ್ದು ನಿಲ್ಲುತ್ತೇನೆ. ನಮ್ಮ 1 ಲಕ್ಷ 80 ಸಾವಿರ ಹೋದದ್ದು ಇಂಥದ್ದೇ ದಾರಿಯಲ್ಲಿ.

ಇನ್ನೊಂದು ಮಾತು. ವರದಿಯಲ್ಲಿ ಎರಡು ಲೆಕ್ಕ ಇರುತ್ತದೆ. ಕಂಪನಿಯ ಸ್ವಂತದ್ದು ಒಂದು, ಅಂಗಸಂಸ್ಥೆಗಳನ್ನೂ ಸೇರಿಸಿದ್ದು ಇನ್ನೊಂದು. ಎರಡರಲ್ಲೂ ಈ ಕೋಷ್ಟಕ ನೋಡಿ. ಹಣ ಮುಂಬಾಗಿಲಿನಿಂದ ಹೋಗದಿದ್ದರೆ ಅಂಗಸಂಸ್ಥೆಯ ಹಿತ್ತಲ ಬಾಗಿಲಿನಿಂದ ಹೋಗಬಹುದು. ಬೇರೆಯವರ ಸಾಲಕ್ಕೆ ಕೊಟ್ಟ ಗ್ಯಾರಂಟಿ ‘ಕಂಟಿಂಜೆಂಟ್ ಲಯಬಿಲಿಟಿ’, ಅಂದರೆ ಮುಂದೆ ತಲೆಗೆ ಬರಬಹುದಾದ ಹೊಣೆ, ಅನ್ನುವ ಟಿಪ್ಪಣಿಯಲ್ಲಿ ಇರುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಇಲ್ಲಿ ನಿಯಮ ನಮ್ಮ ಪರ ಇದೆ. ದೊಡ್ಡ ಮೊತ್ತದ ಇಂಥ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು. ಆ ಮತದಾನದಲ್ಲಿ ಸಂಬಂಧಪಟ್ಟವರು ಪರವಾಗಿ ಮತ ಹಾಕುವಂತಿಲ್ಲ. ಪ್ರವರ್ತಕರ ಬಳಿ 60 ಶೇಕಡ ಷೇರು ಇದ್ದರೂ ಅದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬ್ರಾಂಡ್ ಹೆಸರು ಬಳಸಿದ್ದಕ್ಕೆ ಗುಂಪಿನ ಕಂಪನಿಗೆ ಕೊಡುವ ರಾಯಲ್ಟಿ ವಹಿವಾಟಿನ 5 ಶೇಕಡ ದಾಟಿದರೂ ಇದೇ ನಿಯಮ.

ಸಂಬಳದ ವಿಷಯ ಚಿಕ್ಕದು. ಮುಖ್ಯಸ್ಥರ ಸಂಬಳ ಸಾಮಾನ್ಯ ನೌಕರರ ನಡುಮಟ್ಟದ ಸಂಬಳಕ್ಕಿಂತ ಎಷ್ಟು ಪಟ್ಟು ಅಂತ ಕಾಯ್ದೆ ಪ್ರಕಾರ ಬರೆದಿರುತ್ತಾರೆ. ಪಟ್ಟು ಎಷ್ಟಾದರೂ ಇರಲಿ, ಲಾಭ ಇಳಿದ ವರ್ಷ ಅದು ಏರಿತಾ ಅಂತ ನೋಡಿ. ಪ್ರವರ್ತಕರು ತಮ್ಮ ಷೇರನ್ನು ಎಷ್ಟು ಅಡವಿಟ್ಟಿದ್ದಾರೆ ಅಂತ ಮೂರು ತಿಂಗಳಿಗೊಮ್ಮೆ ಬರುವ ಷೇರು ಹಂಚಿಕೆ ಪಟ್ಟಿಯಲ್ಲಿ ಸಿಗುತ್ತದೆ. ಅರ್ಧಕ್ಕಿಂತ ಜಾಸ್ತಿ ಅಡವಿಟ್ಟ ಕಂಪನಿಯನ್ನು ನಾನು ಮುಟ್ಟುವುದಿಲ್ಲ. ಷೇರಿನ ಬೆಲೆ ಇಳಿದರೆ ಸಾಲ ಕೊಟ್ಟವರು ಅಡವಿನ ಷೇರು ಮಾರುತ್ತಾರೆ, ಬೆಲೆ ಇನ್ನೂ ಇಳಿಯುತ್ತದೆ. ಬ್ಯಾಂಕಿನವಳಿಗೆ ಇದು ಚೆನ್ನಾಗಿ ಗೊತ್ತು.

ಓದಿದ ಮೇಲೆ ಸುಮ್ನೆ ಕೂರಬೇಡಿ. ಮತ ಹಾಕಿ. ಮಹಾಸಭೆಯ ನೋಟಿಸ್ 21 ದಿನ ಮೊದಲೇ ಬರುತ್ತದೆ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ (ನಮ್ಮ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವ ಸಂಸ್ಥೆಗಳು) ಜಾಲತಾಣಕ್ಕೆ ಡಿಮ್ಯಾಟ್ ಖಾತೆಯ ವಿವರ ಮತ್ತು ಒಟಿಪಿ ಹಾಕಿ ಹೋದರೆ ನಿರ್ಣಯಗಳು ಒಂದೊಂದಾಗಿ ಕಾಣುತ್ತವೆ. ಮುಂದೆ ‘ಪರ’, ‘ವಿರೋಧ’ ಗುಂಡಿ. ಹತ್ತು ನಿಮಿಷದ ಕೆಲಸ. ಪ್ರತಿ ನಿರ್ಣಯದ ಕೆಳಗೆ ವಿವರಣೆ ಇರುತ್ತದೆ, ಅದನ್ನು ಓದದೆ ಒತ್ತಬೇಡಿ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಮತ ಸಾಕು. ವಿಶೇಷ ನಿರ್ಣಯಕ್ಕೆ ಪರ ಮತ ವಿರೋಧದ ಮೂರು ಪಟ್ಟಾದರೂ ಇರಬೇಕು. ಸ್ವತಂತ್ರ ನಿರ್ದೇಶಕರನ್ನು ಎರಡನೆಯ ಅವಧಿಗೆ ಮುಂದುವರಿಸಲು ವಿಶೇಷ ನಿರ್ಣಯ ಬೇಕು. ಅಂದರೆ ಹಾಕಿದ ಮತದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ‘ಬೇಡ’ ಬಿದ್ದರೆ ಅದು ಬಿದ್ದುಹೋಗುತ್ತದೆ. ಸಭೆಗೆ ಬಾರದ ನಿರ್ದೇಶಕರಿಗೆ ನಾನು ಪ್ರತಿ ಸಲ ವಿರೋಧವೇ ಹಾಕುತ್ತೇನೆ.

ಪ್ರಶ್ನೆ ಕೇಳುವುದು ಈಗ ಸುಲಭ. ಮುಂಚೆ ಬೆಂಗಳೂರಿಗೆ ರೈಲು ಹಿಡಿದು ಹೋಗಬೇಕಿತ್ತು, ಮೈಕ್ ಸಿಕ್ಕರೆ ಸಿಕ್ಕಿತು. 2020ರಿಂದ ಎಷ್ಟೋ ಕಂಪನಿಗಳು ಮಹಾಸಭೆಯನ್ನು ವಿಡಿಯೊದಲ್ಲಿ ನಡೆಸುತ್ತಿವೆ. ಮಾತಾಡಬೇಕಾದವರು ಮೊದಲೇ ಹೆಸರು ಕೊಡಬೇಕು. ನಾನು ಒಂದೇ ಪ್ರಶ್ನೆ ಬರೆದುಕೊಂಡು ಹೋಗುತ್ತೇನೆ, ಪುಟದ ಸಂಖ್ಯೆ ಸಮೇತ. ಎರಡು ವರ್ಷದ ಹಿಂದೆ ಒಂದು ಕಂಪನಿಯಲ್ಲಿ, ‘ಪುಟ 214ರ ಮುಂಗಡಕ್ಕೆ ಬಡ್ಡಿ ಇದೆಯಾ, ಯಾವಾಗ ವಾಪಸ್?’ ಅಂತ ಕೇಳಿದೆ. ಸಭೆಯಲ್ಲಿ ಉತ್ತರ ಸಿಗಲಿಲ್ಲ. ವಾರದ ಮೇಲೆ ಕಂಪನಿ ಸೆಕ್ರೆಟರಿಯಿಂದ ಇಮೇಲ್ ಬಂತು. ಮರುವರ್ಷ ಆ ಕೋಷ್ಟಕದಲ್ಲಿ ಬಡ್ಡಿಯ ಸಾಲು ಹೊಸದಾಗಿ ಸೇರಿತ್ತು. ನನ್ನಿಂದಲೇ ಆಯಿತು ಅಂತ ಹೇಳಲಾರೆ. ಆದರೆ ಆ ಸಾಲು ನೋಡಿ ಬಹಳ ಖುಷಿಯಾಯಿತು.

ಉತ್ತರ ಬಾರದಿದ್ದರೆ, ಡಿವಿಡೆಂಡ್ ಬಾರದಿದ್ದರೆ, ಮೊದಲು ಕಂಪನಿ ಸೆಕ್ರೆಟರಿಗೆ ಬರೆಯಿರಿ. ಆಗಲೂ ಆಗದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ಕೊಡಿ.

ನೇರ ಷೇರು ಇಲ್ಲ, ಮ್ಯೂಚುವಲ್ ಫಂಡ್ ಮಾತ್ರ ಇದೆ ಅನ್ನುವವರಿಗೂ ಕೆಲಸ ಇದೆ. 2022ರ ಏಪ್ರಿಲ್‌ನಿಂದ ಫಂಡ್‌ಗಳು ತಾವು ಷೇರು ಇಟ್ಟಿರುವ ಕಂಪನಿಗಳ ಎಲ್ಲ ನಿರ್ಣಯಗಳಿಗೂ ಮತ ಹಾಕಲೇಬೇಕು. ಯಾವುದಕ್ಕೆ ಹೇಗೆ, ಯಾಕೆ ಹಾಕಿದೆವು ಅಂತ ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ನಿಮ್ಮ ಹಣದ ಮತ ಅದು, ಒಮ್ಮೆ ತೆರೆದು ನೋಡಿ.

ಸಭೆ ಮುಗಿದು ಎರಡು ಕೆಲಸದ ದಿನದೊಳಗೆ ಫಲಿತಾಂಶ ಷೇರುಪೇಟೆಯ ಜಾಲತಾಣಕ್ಕೆ ಬರುತ್ತದೆ. ಪ್ರವರ್ತಕರು, ಸಂಸ್ಥೆಗಳು, ನಮ್ಮಂಥ ಜನ ಅಂತ ಮೂರು ಸಾಲು. ನಾನು ಎರಡನೆಯ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇನೆ. ದೊಡ್ಡ ಫಂಡ್‌ಗಳಲ್ಲಿ 30, 40 ಶೇಕಡ ವಿರೋಧ ಬಿದ್ದಿದ್ದರೆ, ನಿರ್ಣಯ ಗೆದ್ದಿದ್ದರೂ, ಮುಂದಿನ ವರ್ಷ ಆ ಕಂಪನಿಯ ವರದಿಯನ್ನೇ ಮೊದಲು ತೆರೆಯುತ್ತೇನೆ. ಅಂದ ಹಾಗೆ, ಮುಂಗಡ ಆನ್‌ಲೈನ್ ಮತದಾನ ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಕೆಲವೊಮ್ಮೆ ಒಟಿಪಿ ತಡವಾಗಿ ಬರುತ್ತದೆ.